ನಮ್ಮ ಓಣಿಗೆ ಹೆಳವ ಬರಲಿಲ್ಲ



ಈ ಸಂಚಿಕೆ ಕೈಯಲ್ಲಿ ಹಿಡಿದಿರುವ ನಿಮಗೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮುತ್ಯಾನ ಹೆಸರು ನಿಮಗೆ ಗೊತ್ತು. ಮುತ್ಯಾನ ಅಪ್ಪನ ಹೆಸರು ಗೊತ್ತೇನು? ಮುತ್ಯಾನ ಅವ್ವನ ಹೆಸರು? ಆಕೆಯ ತವರೂರು? ಎರಡು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ನಾನು ಮುತ್ಯಾನ ಹೆಸರಿಗೇ ನಿಂತುಬಿಡುತ್ತಿದ್ದೆ. ಇತಿಹಾಸ ವಿಷಯ ತಗೊಂಡು ಬಿ.ಎ. ಓದುವವ ನಾನು. ಶಿವಾಜಿ ಮಹಾರಾಜರ ವಂಶಾವಳಿ ಬಾಯಿಪಾಠ ಇತ್ತು, ನನ್ನ ಮನೆಯದು ಗೊತ್ತಿರಲಿಲ್ಲ.

ಇದು ನನಗೆ ತಿಳಿದದ್ದು ತಂಗಿಯ ಜಾತಿ ಪ್ರಮಾಣಪತ್ರ ಮಾಡಿಸಲು ಓಡಾಡುವಾಗ. ಪರಿಶಿಷ್ಟ ಜಾತಿಯವರು ಮಹಾರಾಷ್ಟ್ರದಲ್ಲಿ ಈ ಪತ್ರ ಪಡೆಯಬೇಕಾದರೆ ತಮ್ಮ ಮನೆತನ 10 ಆಗಸ್ಟ್ 1950ಕ್ಕಿಂತ ಮೊದಲೇ ಇಲ್ಲಿ ಇತ್ತು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಗಳ ಪಟ್ಟಿಗೆ ರಾಷ್ಟ್ರಪತಿಗಳ ಆದೇಶ ಹೊರಬಿದ್ದ ದಿನ ಅದು. ನಮ್ಮ ಮನೆಯಲ್ಲಿದ್ದ ಎಲ್ಲಕ್ಕಿಂತ ಹಳೆಯ ಕಾಗದ ಎಂದರೆ ಅಪ್ಪನ ಮತ್ತು ದೊಡ್ಡಪ್ಪನ ಶಾಲೆ ದಾಖಲೆ. ಎರಡೂ 1950ರ ನಂತರದವು. ಅದೂ ಹೋಗಲಿ, ಅಪ್ಪನ ದಾಖಲೆಯಲ್ಲಿ ‘ಮಹಾರ’ ಎಂದಿದೆ, ದೊಡ್ಡಪ್ಪನದರಲ್ಲಿ ‘ಹೊಲೆಯ’ ಎಂದಿದೆ. ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಎರಡು ಜಾತಿ!

ಗಡಿಯಲ್ಲಿರುವ ನಮಗೆ ಇದು ನಗುವ ಮಾತಲ್ಲ. ನಾವು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಬರೆಯುವವರು ಮರಾಠಿಯಲ್ಲಿ ಬರೆಯುತ್ತಾರೆ. ಒಬ್ಬ ಮಾಸ್ತರರು ಕೇಳಿದ ಹಾಗೆ ಬರೆದರು, ಇನ್ನೊಬ್ಬರು ಮರಾಠಿಗೆ ತಿರುಗಿಸಿ ಬರೆದರು. ಆದರೆ ಮಹಾರಾಷ್ಟ್ರದ ಪಟ್ಟಿಯಲ್ಲಿ ಮಹಾರ ಬೇರೆ ನಮೂದು, ಹೊಲೆಯ ಬೇರೆ ನಮೂದು, ಹೋಲಾರ ಮತ್ತೂ ಬೇರೆ. ಮಾದಿಗ ಮತ್ತು ಮಾಂಗ ಕೂಡ ಹಾಗೇ ಬೇರೆ ಬೇರೆ. ಬರೆಯುವವರ ಒಂದು ಅಕ್ಷರದಲ್ಲಿ ಮಕ್ಕಳ ಶಿಷ್ಯವೃತ್ತಿ, ನೌಕರಿ ಎಲ್ಲ ಸಿಕ್ಕಿಹಾಕಿಕೊಳ್ಳುತ್ತದೆ.

ಆ ದಿನ ಸಂಜೆ ಆಯಿಯ ಹತ್ತಿರ ಕುಳಿತು ಕೇಳಿದೆ: “ಆಯಿ, ಊರಾಗ ಹೆಳವರು ಬರತಿದ್ರಲ್ಲ, ಅವರ ಚೋಪಡಿಯೊಳಗ ನಮ್ಮ ಹೆಸರ ಇರಬೇಕಲ್ಲ?”

ಹೆಳವರನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಸುಗ್ಗಿಯ ನಂತರ ಬರುತ್ತಿದ್ದರು. ಮನೆ ಮುಂದೆ ನಿಂತು ಆ ಮನೆತನದ ಮೂಲ ಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನ ತನಕ ಹೆಸರು ಹೇಳುತ್ತಿದ್ದರು, ಕಾಳು ಕಡಿ ಇಸಗೊಂಡು ಹೋಗುತ್ತಿದ್ದರು. ಉತ್ತರ ಕರ್ನಾಟಕದಲ್ಲಿಯೂ ನಮ್ಮ ಸೊಲ್ಲಾಪುರ ಸೀಮೆಯಲ್ಲಿಯೂ ಎಷ್ಟೋ ಮನೆತನಗಳ ಇತಿಹಾಸ ಉಳಿದದ್ದು ಅವರ ಬಾಯಲ್ಲಿ.

ಆಯಿ ನಕ್ಕಳು. “ನಮ್ಮ ಓಣಿಗೆ ಯಾರ ಬರತಾರೊ ಯಪ್ಪಾ? ಅವರು ಬರೂದು ಗೌಡರ ಮನಿಗೆ. ನಾವು ದೂರ ನಿಂತು ಕೇಳತಿದ್ದಿವಿ.”

ಈ ಮಾತು ಮನಸ್ಸಿನಲ್ಲಿ ಉಳಿಯಿತು. ಯಾಕೆಂದರೆ ಇಡೀ ಊರಿನ ನೆನಪು ಹೊತ್ತವರು ನಮ್ಮ ಹಿರಿಯರೇ ಆಗಿದ್ದರು. ಊರಿನ ಗಡಿಗಲ್ಲು ಎಲ್ಲಿದೆ ಎಂದು ಬಲ್ಲವರು ಅವರು. ಎರಡು ಊರಿಗೆ ಗಡಿ ಜಗಳ ಬಂದರೆ ಅವರ ಸಾಕ್ಷಿ ಬೇಕಾಗುತ್ತಿತ್ತು. ಅಗಸಿ ಕಾದವರು, ಕಂದಾಯದ ಹಣ ಖಜಾನೆಗೆ ಮುಟ್ಟಿಸಿದವರು, ಹುಟ್ಟು ಸಾವಿನ ಸುದ್ದಿಯನ್ನು ಚಾವಡಿಗೂ ಬೀಗರ ಊರಿಗೂ ಒಯ್ದವರು ಅವರು. ಊರಿನ ಎಲ್ಲರ ಸಾವಿನ ಸುದ್ದಿ ಹೊತ್ತವನ ಸಾವು ಯಾವಾಗ ಆಯಿತು ಎಂದು ಅವನ ಮರಿಮಗನಿಗೆ ಗೊತ್ತಿಲ್ಲ.

ಈ ಕೆಲಸಕ್ಕೆ ವತನ ಎನ್ನುತ್ತಿದ್ದರು. ಮಹಾರಕಿ ಎಂದರೂ ಅದೇ. ಸ್ವಲ್ಪ ಜಮೀನು, ಸುಗ್ಗಿಯಲ್ಲಿ ಸ್ವಲ್ಪ ಬಲುತೆ, ಅದಕ್ಕೆ ಬದಲಾಗಿ ಹಗಲು ರಾತ್ರಿ ಎನ್ನದೆ ಇಡೀ ಮನೆತನದ ಚಾಕರಿ. ಮುಂಬಯಿ ಸರಕಾರದ 1874ರ ವತನ ಕಾಯಿದೆ ಇದನ್ನು ಕಾನೂನಿನಲ್ಲಿ ಕಟ್ಟಿಹಾಕಿತು. ಈ ಕಾಯಿದೆ ತಿದ್ದಬೇಕೆಂದು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಕಾಯಿದೆ ಮಂಡಳದಲ್ಲಿ ಮಸೂದೆ ತಂದರು. ತುಂಡು ಹೊಲದ ಆಸೆಯಲ್ಲಿ ನಮ್ಮ ಜನ ಊರಿನ ಗುಲಾಮರಾಗಿ ಉಳಿಯುತ್ತಾರೆ ಎಂಬುದು ಅವರ ಚಿಂತೆ. ವತನ ಪೂರ್ತಿ ಹೋದದ್ದು ಅವರು ತೀರಿಕೊಂಡ ಮೇಲೆ. 1958ರ ಕನಿಷ್ಠ ಗ್ರಾಮ ವತನ ರದ್ದು ಕಾಯಿದೆ 1 ಆಗಸ್ಟ್ 1959ರಿಂದ ಜಾರಿಗೆ ಬಂತು.

ಇಲ್ಲಿ ನಿಮಗೆ ಉಪಯೋಗದ ಒಂದು ಮಾತಿದೆ. ಯಾವ ವತನ ನಮ್ಮನ್ನು ಕಟ್ಟಿಹಾಕಿತ್ತೋ ಅದರ ಕಾಗದದಲ್ಲೇ ನಮ್ಮ ಹೆಸರುಗಳಿವೆ. ವತನದ ಜಮೀನು ಒಬ್ಬನದಲ್ಲ, ಪಾಲುದಾರರೆಲ್ಲರದು. ವತನ ರದ್ದಾಗಿ ಜಮೀನು ಮರಳಿ ಹೆಸರಿಗೆ ಮಾಡುವಾಗ ಯಾರು ಯಾರ ಮಗ, ಯಾರು ಯಾರ ವಾರಸ ಎಂದು ಬರೆಯಬೇಕಾಯಿತು. ಅದು ಫೇರಫಾರ ನೋಂದಿನಲ್ಲಿ ಸಿಗುತ್ತದೆ. ನಿಮ್ಮ ಸಾತ್‌ಬಾರಾ ಉತಾರೆಯಲ್ಲಿ ಸುತ್ತು ಹಾಕಿದ ಅಂಕಿಗಳು ಇರುತ್ತವಲ್ಲ, ಅವೇ ಫೇರಫಾರದ ನಂಬರು. ಒಂದೊಂದೇ ನಂಬರು ಹಿಡಿದು ಹಿಂದಕ್ಕೆ ಹೋಗಿ. ಹೊಲ ಈಗ ಕೈಬಿಟ್ಟು ಹೋಗಿದ್ದರೂ ಸರಿ, ಹಳೆ ನೋಂದು ಅಲ್ಲೇ ಇರುತ್ತದೆ. ‘ಹಾಡಕಿ ಹಾಡೋಳಾ’ ಎಂದು ಬರೆದಿದ್ದರೆ ಅದು ಮಹಾರ ವತನದ ಜಮೀನು ಎಂದು ತಿಳಿಯಿರಿ.

ಆ ಕಾಗದ ಓದಲು ನಾಲ್ಕು ಮಾತು ಗೊತ್ತಿರಬೇಕು. ‘ಬಿನ್’ ಅಥವಾ ‘ವಲದ್’ ಎಂದರೆ ಇಂಥವನ ಮಗ. ‘ಕೋಮ್’ ಅಥವಾ ‘ಭ್ರತಾರ’ ಎಂದು ಬಂದರೆ ಮುಂದಿನದು ಗಂಡನ ಹೆಸರು. ‘ಮಯತ’ ಎಂದರೆ ತೀರಿಕೊಂಡವ. ‘ಅ.ಪಾ.ಕ.’ ಎಂದರೆ ವಾರಸದಾರ ಇನ್ನೂ ಸಣ್ಣವ, ಅವನ ಪಾಲಕರು ಇಂಥವರು ಎಂದರ್ಥ. ಈ ಒಂದು ಸಾಲಿನಿಂದಲೇ ಅಪ್ಪ ಸತ್ತಾಗ ಮಗ ಎಷ್ಟು ದೊಡ್ಡವನಿದ್ದ ಎಂದು ಅಂದಾಜು ಸಿಗುತ್ತದೆ.

ಎರಡನೆಯದು ಹುಟ್ಟು ಸಾವಿನ ಹಳೆ ಪುಸ್ತಕ. ಗಾವ್ ನಮುನಾ 14 ಎನ್ನುತ್ತಾರೆ, ಜನರ ಬಾಯಲ್ಲಿ ಕೋತವಾಲ ಬುಕ್. ತಹಸೀಲ ಕಚೇರಿಯ ದಾಖಲೆ ಕೋಣೆಯಲ್ಲಿ ಇರುತ್ತದೆ. ಅರ್ಜಿ ಕೊಟ್ಟು ನಕ್ಕಲು ಕೇಳಬಹುದು. ಹಳೆಯವು ಹೆಚ್ಚಾಗಿ ಮೋಡಿ ಲಿಪಿಯಲ್ಲಿವೆ. ಮೋಡಿ ಎಂದೊಡನೆ ಹಿಂದೆ ಸರಿಯಬೇಡಿ. 2023ರಲ್ಲಿ ಕುಣಬಿ ನೋಂದು ಹುಡುಕಲು ಸರಕಾರವೇ ಇಂಥ ಪುಸ್ತಕ ತೆಗೆಸಿ ಮೋಡಿ ಬಲ್ಲವರಿಂದ ಓದಿಸಿತು. ಅವರಿಗೆ ಸಿಕ್ಕ ದಾಖಲೆ ನಮಗೂ ಸಿಗಬೇಕಲ್ಲ. ಪುರಾಭಿಲೇಖ ಇಲಾಖೆಯವರು ಮೋಡಿ ಕಲಿಸುವ ವರ್ಗ ನಡೆಸುತ್ತಾರೆ. ನಮ್ಮ ಸಂಘದ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಕಲಿತರೂ ಇಡೀ ಓಣಿಗೆ ಸಾಕು.

ಆದರೆ ಈ ಪುಸ್ತಕದಲ್ಲಿ ಒಂದು ತೊಡಕಿದೆ. ಹುಟ್ಟಿದ ಕೂಸಿನ ಹೆಸರು ಬಹಳ ಕಡೆ ಬರೆದಿರುವುದಿಲ್ಲ. ಅಪ್ಪನ ಹೆಸರು, ಜಾತಿ, ಗಂಡೋ ಹೆಣ್ಣೋ, ತಾರೀಖು ಇಷ್ಟೇ. ಅಂದರೆ ನನ್ನ ಮುತ್ಯಾನ ಹುಟ್ಟು ಸಿಗಬೇಕಾದರೆ ಮುತ್ಯಾನ ಅಪ್ಪನ ಹೆಸರು ನನಗೆ ಗೊತ್ತಿರಬೇಕು. ಕಾಗದಕ್ಕಿಂತ ಮೊದಲು ಮನುಷ್ಯರು ಬೇಕು. ಹಾಗಾಗಿ ತಿರುಗಿ ಆಯಿಯ ಹತ್ತಿರವೇ ಬಂದೆ.

ಆಯಿ ಮಾವನ ಹೆಸರು ಹೇಳುವವಳಲ್ಲ. ಹಳೆ ಕಾಲದ ಸೊಸಿ. ಎಷ್ಟು ಸಲ ಕೇಳಿದರೂ ಸೆರಗು ಬಾಯಿಗೆ ಹಿಡಿದು ಸುಮ್ಮನಾಗುತ್ತಿದ್ದಳು. ಕೊನೆಗೆ ಕೈ ಎತ್ತಿ ತೆಂಕಣ ದಿಕ್ಕಿಗೆ ತೋರಿಸಿದಳು. “ಅಲ್ಲಿ ಹೊಳಿ ಹರಿತೈತಲ್ಲ, ಅದರ ಹೆಸರೇ.” ಹೊಳೆ ಯಾವುದು? ಭೀಮಾ.

ಇನ್ನು ವರ್ಷ ತಿಳಿಯಬೇಕು. ಹಿರಿಯರಿಗೆ ಇಸವಿ ಕೇಳಬೇಡಿ, ಘಟನೆ ಕೇಳಿ. ಆಧಾರ ಕಾರ್ಡಿನಲ್ಲಿ ನಮ್ಮ ಹಿರಿಯರೆಲ್ಲ ಜೂನ್ 1ಕ್ಕೇ ಹುಟ್ಟಿದ್ದಾರೆ. ಅದು ಮಾಸ್ತರರು ಕೊಟ್ಟ ಹುಟ್ಟಿದ ದಿನ. ಆಯಿ ಹೇಳಿದ್ದು ಹೀಗೆ: “ರಜಾಕಾರರ ಗದ್ದಲದಾಗ ನಿಜಾಮನ ಸೀಮಿಯಿಂದ ಮಂದಿ ಗಂಟು ಕಟಗೊಂಡು ನಮ್ಮೂರಿಗಿ ಬಂದಿದ್ರು. ಆಗ ನಾ ತಂಗೀನ ಬಗಲಾಗ ಹೊತ್ತು ತಿರಗತಿದ್ದೆ.” ಆ ಗದ್ದಲ 1947-48ರದು. ತಂಗಿಯನ್ನು ಹೊರುವ ವಯಸ್ಸೆಂದರೆ ಏಳೆಂಟು. ಹಾಗಾದರೆ ಆಯಿ 1940ರ ಆಸುಪಾಸಿನವಳು. ಹೀಗೆಯೇ 1918ರ ಮಾನಮೋಡಿ ಜ್ವರ, 1930ರ ಸೊಲ್ಲಾಪುರದ ಮಾರ್ಷಲ್ ಲಾ, 1967ರ ಕೊಯ್ನಾ ಭೂಕಂಪ, 1972ರ ಬರ, 1993ರ ಕಿಲ್ಲಾರಿ ಭೂಕಂಪ ಹಿಡಿದು ಕೇಳಿ. “ಬರದ ಕಾಮಗಾರಿಗಿ ಹೋದಾಗ ನಿಮ್ಮ ಅಪ್ಪ ಹೊಟ್ಟ್ಯಾಗಿದ್ದ” ಎನ್ನುವ ಒಂದು ಮಾತು ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ.

ಹೆಸರುಗಳೂ ಇತಿಹಾಸ ಹೇಳುತ್ತವೆ. ಹಳೆ ಕಾಲದಲ್ಲಿ ಮಹಾರರ ಹೆಸರಿನ ಕೊನೆಗೆ ‘ನಾಕ’ ಇರುತ್ತಿತ್ತು. 1818ರ ಭೀಮಾ ಕೋರೆಗಾಂವ ಯುದ್ಧದ ವಿಜಯಸ್ತಂಭದ ಮೇಲೆ ಇಂಥ ಹೆಸರುಗಳನ್ನು ನೀವೇ ಓದಬಹುದು. ಅಡ್ಡಹೆಸರಿನ ಕೊನೆಗೆ ‘ಕರ’ ಇದ್ದರೆ ಅದರ ಹಿಂದೆ ಒಂದು ಊರಿರುತ್ತದೆ. ಬಾಬಾಸಾಹೇಬರ ಮನೆತನದ ಮೊದಲ ಹೆಸರು ಸಕಪಾಳ. ಆಂಬೇಡಕರ ಎಂಬುದರ ಬೇರು ರತ್ನಾಗಿರಿ ಜಿಲ್ಲೆಯ ಆಂಬಡವೆ ಎಂಬ ಊರಿನಲ್ಲಿದೆ. 14 ಅಕ್ಟೋಬರ್ 1956ರಂದು ನಾಗಪುರದಲ್ಲಿ ಧಮ್ಮದೀಕ್ಷೆ ಆದ ಮೇಲೆ ನಮ್ಮ ಓಣಿಗಳಲ್ಲಿ ಸಿದ್ಧಾರ್ಥ, ಗೌತಮ, ರಾಹುಲ ಹುಟ್ಟಿದರು. ನಿಮ್ಮ ಮನೆಯಲ್ಲಿ ಈ ಹೆಸರು ಮೊದಲು ಯಾರಿಗೆ ಬಂತೋ ನೋಡಿ, ದೀಕ್ಷೆಯ ಗಾಳಿ ನಿಮ್ಮ ಮನೆಗೆ ಯಾವಾಗ ಬೀಸಿತೆಂದು ತಿಳಿಯುತ್ತದೆ.

ಊರು ಬಿಟ್ಟು ಹೋದವರನ್ನೂ ಮರೆಯಬೇಡಿ. ಸೊಲ್ಲಾಪುರದ ಜುನಿ ಗಿರಣಿ, ಲಕ್ಷ್ಮಿ, ವಿಷ್ಣು, ನರಸಿಂಗ ಗಿರಣಿಗಳಲ್ಲಿ ದುಡಿದವರ ಹಾಜರಿ ಕಾರ್ಡು, ರೇಲ್ವೆ ಗ್ಯಾಂಗಿನವರ ಪಾಸು ಇನ್ನೂ ಕೆಲವರ ಟ್ರಂಕಿನಲ್ಲಿವೆ. 1941ರಲ್ಲಿ ಬೆಳಗಾವಿಯಲ್ಲಿ ಮಹಾರ ರೆಜಿಮೆಂಟ್ ಕಟ್ಟಿದರು. ನಿಮ್ಮ ಮನೆತನದಲ್ಲಿ ಯಾರಾದರೂ ದಂಡಿಗೆ ಸೇರಿದ್ದರೆ ಪಿಂಚಣಿ ಕಾಗದ ಹುಡುಕಿ.

ಇನ್ನು ನಮ್ಮ ಬೀಗತನ ಗಡಿ ಕೇಳುವುದಿಲ್ಲ. ದಕ್ಷಿಣ ಸೊಲ್ಲಾಪುರ ತಾಲೂಕಿನ ಹುಡುಗನಿಗೆ ಭೀಮೆಯ ಆಚೆ ಇಂಡಿ ತಾಲೂಕಿನ ಹೆಣ್ಣು, ಅಕ್ಕಲಕೋಟದ ಹುಡುಗಿಗೆ ಆಳಂದದ ವರ. ಆದರೆ ಈ ಊರುಗಳು ಒಂದು ಕಾಲಕ್ಕೆ ಬೇರೆ ಬೇರೆ ರಾಜ್ಯ. ಸೊಲ್ಲಾಪುರ, ಇಂಡಿ ಎರಡೂ ಮುಂಬಯಿ ಪ್ರಾಂತ. ಅಕ್ಕಲಕೋಟ 1948ರ ತನಕ ಸಂಸ್ಥಾನ, ಜತ್ತ ಕೂಡ ಹಾಗೇ. ಆಳಂದ, ಅಫಜಲಪುರ ನಿಜಾಮನವು. ಹೀಗಾಗಿ ಒಂದೇ ಮನೆತನದ ಕಾಗದ ಒಂದು ಕಡೆ ಮೋಡಿಯಲ್ಲಿ, ಒಂದು ಕಡೆ ಉರ್ದುವಿನಲ್ಲಿ, ಒಂದು ಕಡೆ ಕನ್ನಡದಲ್ಲಿ ಇರುತ್ತದೆ. ಸೊಸೆಯಾಗಿ ಬಂದ ಅಕ್ಕ ತಂಗಿಯರಿಗೆ ಇದರ ಬಿಸಿ ಹೆಚ್ಚು. ಅವರ ಜಾತಿಗೆ ಅಪ್ಪನ ಕಡೆಯ ಕಾಗದವೇ ಆಧಾರ, ಅದು ಗಡಿಯ ಆಚೆ ಉಳಿದಿರುತ್ತದೆ. ಮದುವೆಯಲ್ಲಿ ಭಾಂಡೆ ಕೊಡುವ ಹಾಗೆ ಮಗಳ ಕೈಯಲ್ಲಿ ತವರಿನ ಕಾಗದದ ನಕಲು ಕೊಟ್ಟು ಕಳಿಸಿ ಎಂದು ತಂದೆ ತಾಯಿಯರಿಗೆ ನನ್ನ ವಿನಂತಿ.

ಕೊನೆಗೆ ನನಗೆ ಸಿಕ್ಕದ್ದನ್ನು ಹೇಳುತ್ತೇನೆ. ವತನದ ಫೇರಫಾರದಲ್ಲಿ ಭೀಮಾ ಮಯತ ಎಂದಿತ್ತು, ವಾರಸರಲ್ಲಿ ವಿಧವೆ ಮತ್ತು ಮೂರು ಗಂಡುಮಕ್ಕಳ ಹೆಸರಿತ್ತು. ಅದರಲ್ಲೊಬ್ಬ ನನ್ನ ಮುತ್ಯಾ. ಆ ಹೆಸರು ಹಿಡಿದು ಕೋತವಾಲ ಬುಕ್ಕಿನಲ್ಲಿ ಹುಡುಕಿಸಿದಾಗ 1950ಕ್ಕಿಂತ ಎಷ್ಟೋ ಮೊದಲಿನ ಒಂದು ಸಾಲು ಸಿಕ್ಕಿತು. ಗಂಡುಕೂಸು, ಜಾತಿ ಮಹಾರ, ಅಪ್ಪನ ಹೆಸರು ‘ಭೀಮ್ಯಾ’. ಊರಿನ ಬೇರೆಯವರ ಹೆಸರಿಗೆಲ್ಲ ‘ಅಪ್ಪ’, ‘ರಾವ್’ ಹಚ್ಚಿದ ಅದೇ ಕೈ ನಮ್ಮವನನ್ನು ಹೀಗೆ ಬರೆದಿತ್ತು. ಬೇಸರವಾಯಿತು. ಆದರೂ ಆ ಸಾಲಿನಿಂದಲೇ ತಂಗಿಯ ಪ್ರಮಾಣಪತ್ರ ಆಯಿತು.

ಅದೇ ಪುಸ್ತಕದಲ್ಲಿ ಇನ್ನೆರಡು ಸಾಲು ಇದ್ದವು. ಭೀಮ್ಯಾನಿಗೆ ಒಂದು ಹೆಣ್ಣುಕೂಸು ಹುಟ್ಟಿತ್ತು, ಕೆಲವು ತಿಂಗಳ ಮೇಲೆ ಸತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿ ಹೇಳಿದಾಗ ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಮ್ಮತ್ತಿ ಕಣ್ಣ ಮುಚ್ಚೂ ಮುಂದ ಒಂದ ಹೆಸರ ಕರೀತಿದ್ದಳು. ಯಾರದಂತ ನಮಗ ತಿಳೀಲಿಲ್ಲ” ಎಂದು ಆ ಹೆಸರು ಹೇಳಿದಳು. ಪುಸ್ತಕದಲ್ಲಿ ಹೆಸರಿಲ್ಲ, ಆಯಿಯ ಬಾಯಲ್ಲಿ ಇತ್ತು. ಎರಡನ್ನೂ ಕೂಡಿಸಿ ನಮ್ಮ ವಂಶಾವಳಿಯಲ್ಲಿ ಬರೆದಿದ್ದೇನೆ.

ಗೆಳೆಯರೇ, ಪ್ರಮಾಣಪತ್ರಕ್ಕೆ ಗಂಡಸರ ಹೆಸರು ಸಾಕಾಗುತ್ತದೆ, ಇತಿಹಾಸಕ್ಕೆ ಸಾಲದು. ಹೆಣ್ಣುಮಕ್ಕಳ ಹೆಸರು, ಅವರ ತವರು, ಸತ್ತ ಕೂಸುಗಳ ಹೆಸರು ಎಲ್ಲ ಬರೆಯಿರಿ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಸಂಘದ ಪ್ರತಿಯೊಬ್ಬ ಸದಸ್ಯರೂ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ತಮ್ಮ ಮನೆಯ ನಾಲ್ಕು ತಲೆಮಾರು ಬರೆದು ತರಬೇಕು ಎಂದು ಕೇಳಿಕೊಳ್ಳುತ್ತೇನೆ. ಕಾಗದಗಳು ಕಚೇರಿಯಲ್ಲಿ ಇನ್ನೂ ಹತ್ತು ವರ್ಷ ಇದ್ದಾವು. ಓಣಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಅಷ್ಟು ದಿನ ಕಾಯುವುದಿಲ್ಲ. ಇವತ್ತು ಕಾರ್ಯಕ್ರಮ ಮುಗಿಸಿ ಮನೆಗೆ ಹೋದ ಮೇಲೆ ಅವರ ಹತ್ತಿರ ಕುಳಿತು ಒಂದು ಹೆಸರಾದರೂ ಕೇಳಿ. ನಮ್ಮ ಓಣಿಗೆ ಹೆಳವ ಬರಲಿಲ್ಲ, ಇನ್ನು ಆ ಕೆಲಸ ನಮ್ಮದು.

ಜೈ ಭೀಮ್.