ಕೊರೊನಾ ರೂಪಾಂತರಿಗಳು

ಸಾರ್ಸ್-ಕೋವ್-2 ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ನುಸುಳುವ ತಪ್ಪುಗಳಿಂದ ಹುಟ್ಟುವ ಹೊಸ ಬಗೆಗಳು. ಸುಮಾರು 30,000 ಅಕ್ಷರಗಳ ಆರ್‌ಎನ್‌ಎ ಬರಹದಲ್ಲಿ ಕಾಗುಣಿತ ತಪ್ಪಿದರೆ ಬಹುತೇಕ ಸಲ ಏನೂ ಆಗದು. ತಪ್ಪು ಮುಳ್ಳಿನ ಪ್ರೋಟೀನಿನಲ್ಲಾದರೆ ಕಥೆಯೇ ಬೇರೆ. ಜೀವಕೋಶದ ಎಸಿಇ2 ಗ್ರಾಹಕಕ್ಕೆ ಅಂಟಿಕೊಳ್ಳುವುದು ಆ ಮುಳ್ಳೇ, ಲಸಿಕೆ ಪಡೆದ ದೇಹದ ಪ್ರತಿಕಾಯಗಳು ಗುರುತಿಸುವುದೂ ಅದನ್ನೇ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಾಗಲಿ ಹರಿಹರದಲ್ಲಾಗಲಿ ಜನ ‘ಎರಡನೇ ಅಲೆ’ ಎಂದು ನೆನೆಯುವ 2021ರ ಬೇಸಿಗೆಯ ಹಿಂದಿದ್ದುದು ಡೆಲ್ಟಾ. ಮೊದಲು ಭಾರತದಲ್ಲೇ ಪತ್ತೆಯಾದ ಇದರಲ್ಲಿ ಪಿ681ಆರ್ ಬದಲಾವಣೆ ಮುಳ್ಳು ಸುಲಭವಾಗಿ ಸೀಳಿಕೊಳ್ಳುವಂತೆ ಮಾಡಿತು. ಎಲ್452ಆರ್ ಕೆಲವು ಪ್ರತಿಕಾಯಗಳ ಹಿಡಿತ ಸಡಿಲಿಸಿತು. ಹರಡುವ ವೇಗವೇ ಇದರ ಮುಖ್ಯ ಬಲ.

ಓಮಿಕ್ರಾನ್‌ನದು ಬೇರೆ ವರಸೆ. ಮುಳ್ಳಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ! ಭಾರತದ ಮೊದಲ ಎರಡು ಪ್ರಕರಣಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ಡಿಸೆಂಬರ್ 2ರಂದು ಪ್ರಕಟಿಸಿತು, ಎರಡೂ ಬೆಂಗಳೂರಿನವು. ಇಬ್ಬರೂ ಲಸಿಕೆ ಪಡೆದಿದ್ದರು, ಒಬ್ಬರು ವಿದೇಶಕ್ಕೆ ಹೋಗಿರಲೇ ಇಲ್ಲ. ಹಳೆಯ ಪ್ರತಿಕಾಯಗಳ ಕಣ್ಣು ತಪ್ಪಿಸುವುದರಲ್ಲಿ ಇದು ಡೆಲ್ಟಾವನ್ನು ಮೀರಿಸಿತು. ಹಾಗೆಂದು ಲಸಿಕೆ ವ್ಯರ್ಥವಾಗಲಿಲ್ಲ: ಟಿ-ಕೋಶಗಳು ಮುಳ್ಳಿನ ಹಲವು ತುಣುಕುಗಳನ್ನು ಗುರುತಿಸುವುದರಿಂದ, ಸೋಂಕು ತಗುಲಿದರೂ ಕಾಯಿಲೆ ವಿಷಮಿಸದಂತೆ ತಡೆಯುವ ಶಕ್ತಿ ಬಹುಮಟ್ಟಿಗೆ ಉಳಿಯಿತು. ಶ್ವಾಸಕೋಶದ ಆಳಕ್ಕಿಂತ ಮೇಲಿನ ಉಸಿರಾಟದ ದಾರಿಯನ್ನೇ ಹೆಚ್ಚಾಗಿ ಹಿಡಿಯುವ ಗುಣವೂ ಓಮಿಕ್ರಾನ್‌ಗಿದೆ.

ಇದೇ ವಂಶದ ಜೆಎನ್.1 ತನ್ನ ಮೂಲವಾದ ಬಿಎ.2.86ಕ್ಕಿಂತ ಮುಳ್ಳಿನಲ್ಲಿ ಭಿನ್ನವಾಗುವುದು 455ನೇ ಸ್ಥಾನದ ಒಂದೇ ಬದಲಾವಣೆಯಿಂದ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಅದನ್ನು ಗಮನಾರ್ಹ ರೂಪಾಂತರಿಗಳ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಿತು.