ಮಂಕರಿಯ ಕೆಳಗಿನ ಚರಿತ್ರೆ

ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ್ದ ಅಜ್ಜಿಯ ಕತೆಯನ್ನು ಕೇಳದ ಕನ್ನಡಿಗರು ವಿರಳ. ಅಜ್ಜಿಯ ಭ್ರಮೆಯನ್ನು ನೆನೆದು ನಗುವಾಗ ಆ ಕತೆಯ ಒಂದು ಸಣ್ಣ ಅಂಶ ಸಾಮಾನ್ಯವಾಗಿ ಮರೆತುಹೋಗುತ್ತದೆ. ಕತೆಯ ಕೋಳಿ ಊರ ಗೌಡನದಲ್ಲ, ಶಾನುಭೋಗನದೂ ಅಲ್ಲ. ತನ್ನದೆಂದು ಹೇಳಿಕೊಳ್ಳಲು ಬೇರೇನೂ ಇಲ್ಲದ ಒಬ್ಬ ಮುದುಕಿಯದು. ಹಳ್ಳಿಯ ಬದುಕಿನಲ್ಲಿ ಕೋಳಿಯ ಸ್ಥಾನ ಬಹುಕಾಲ ಹೀಗೆಯೇ ಇತ್ತು. ಹೊಲ ಗಂಡಸಿನ ಹೆಸರಿನಲ್ಲಿ, ಎತ್ತು ಗಾಡಿಗಳೂ ಅವನವೇ. ಹಿತ್ತಲ ಹೇಂಟೆ ಮಾತ್ರ ಹೆಂಗಸಿನದು. ಮೊಟ್ಟೆ ಮಾರಿದ ಕಾಸು ಉಪ್ಪಿಗೆ, ಬಳೆಗೆ, ಮಕ್ಕಳ ಸ್ಲೇಟಿಗೆ, ಜ್ವರ ಬಂದರೆ ಔಷಧಿಗೆ. ಆ ಹಣಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಈ ಪುಟ್ಟ ಖಜಾನೆಗೆ ಬೀಗವಿಲ್ಲ. ಬೇಸಿಗೆಯ ಒಂದು ವಾರದಲ್ಲಿ ಅದು ಪೂರ್ತಿ ಬರಿದಾಗುವುದುಂಟು. ಆದ್ದರಿಂದ ಕೋಳಿಗೂಡನ್ನು ಯಾವ ಕಾಲದಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ಕೇವಲ ಚೊಕ್ಕಟದ ಪ್ರಶ್ನೆಯಲ್ಲ. ಅದು ಬಡ ಹೆಂಗಸಿನ ಗಳಿಕೆಯನ್ನು ಉಳಿಸುವ ಪ್ರಶ್ನೆ. ಅದಕ್ಕೆ ಹಿತ್ತಲು ಕಂಡುಕೊಂಡ ಉತ್ತರವೊಂದು, ಪ್ರಯೋಗಶಾಲೆ ಕಂಡುಕೊಂಡ ಉತ್ತರ ಇನ್ನೊಂದು. ಎರಡೂ ಬೇಕಾದವೇ. ಆದರೆ ಅವೆರಡು ಒಂದೇ ಅಂಗಳದಲ್ಲಿ ಕೂಡಿದ್ದು ಅಪರೂಪ.

ಕಾಡಿನಿಂದ ಬಂದ ನೆಂಟ

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಸಿಂಧೂ ಕಣಿವೆಯೇ ಕೋಳಿ ಸಾಕಣೆಯ ತವರೆಂಬ ವಾದ ಬಹುಕಾಲ ಪ್ರಚಲಿತವಾಗಿತ್ತು. 2020ರಲ್ಲಿ ಎಂಟುನೂರಕ್ಕೂ ಹೆಚ್ಚು ಕೋಳಿಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವೊಂದು ಆ ತವರನ್ನು ಆಗ್ನೇಯ ಏಷ್ಯಾದ ಕಡೆಗೆ ಸರಿಸಿತು. 2022ರಲ್ಲಿ ಪ್ರಕಟವಾದ ಪುರಾತತ್ವ ಸಂಶೋಧನೆಯ ಪ್ರಕಾರ, ಖಚಿತವಾಗಿ ಸಾಕುಕೋಳಿಯದೆನ್ನಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತಿವೆ. ಅವುಗಳ ಕಾಲ ಕ್ರಿ.ಪೂ. 1650ರಿಂದ 1250. ಭತ್ತ ಮತ್ತು ಕಿರುಧಾನ್ಯಗಳ ಬೇಸಾಯ ಹಬ್ಬಿದ ಕಡೆಯಲ್ಲೆಲ್ಲ ಕೋಳಿಯೂ ಹಬ್ಬಿತು. ಎಂದರೆ ಮನುಷ್ಯ ಕೋಳಿಯನ್ನು ಹಿಡಿದು ತಂದನೆನ್ನುವುದಕ್ಕಿಂತ, ಚೆಲ್ಲಿದ ಕಾಳನ್ನು ಹುಡುಕಿಕೊಂಡು ಕೋಳಿಯೇ ಮನೆಬಾಗಿಲಿಗೆ ಬಂತೆನ್ನುವುದು ಸತ್ಯಕ್ಕೆ ಹತ್ತಿರ.

ಈ ವಂಶಾವಳಿಯಲ್ಲಿ ದಕ್ಷಿಣ ಭಾರತದ ಪಾಲೂ ಇದೆ. ಅನೇಕ ಸಾಕುಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ. ಅದು ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯ ಕೊಡುಗೆ ಎಂಬುದು 2008ರಲ್ಲಿ ಸಿದ್ಧವಾಯಿತು.

ಕಾಡುಕೋಳಿ ಇರುಳನ್ನು ಮರದ ಕೊಂಬೆಯ ಮೇಲೆ ಕಳೆಯುತ್ತದೆ. ಹಗಲು ಬಿದಿರು ಮೆಳೆಯ ನೆರಳಿನಲ್ಲಿ ಕೆದಕುತ್ತದೆ. ಒಣ ಮಣ್ಣಿನಲ್ಲಿ ಹೊರಳಾಡಿ ಮೈಯ ಹೇನು ಕಳೆದುಕೊಳ್ಳುತ್ತದೆ. ತನ್ನ ಹಿಕ್ಕೆಯ ಮೇಲೆ ತಾನೇ ಮಲಗುವ ಪ್ರಸಂಗ ಅದಕ್ಕೆ ಬರುವುದಿಲ್ಲ. ನರಿ, ಬೆಕ್ಕು, ಮುಂಗುಸಿಗಳ ಭಯದಿಂದ ಮನುಷ್ಯ ಅದನ್ನು ಗೂಡಿನೊಳಗೆ ಕೂಡಿದಾಗ ಈ ಎಲ್ಲ ಅನುಕೂಲಗಳೂ ತಪ್ಪಿದವು. ಎತ್ತರ, ನೆರಳು, ಒಣನೆಲ: ಇವನ್ನು ಗೂಡಿನಲ್ಲಿ ಮತ್ತೆ ಒದಗಿಸಿಕೊಡುವುದೇ ಕೋಳಿಮನೆಯ ನೈರ್ಮಲ್ಯದ ಸಾರ.

ಬರೆಯದೆ ಉಳಿದ ಶಾಸ್ತ್ರ

ನಮ್ಮ ಹಳೆಯ ಗ್ರಂಥಗಳಲ್ಲಿ ಕೋಳಿಗೆ ಜಾಗವಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಕೋಳಿಕಾಳಗವೂ ಸೇರಿದೆ. ಕರಾವಳಿಯ ಕೋಳಿ ಅಂಕದ ಹುಂಜಕ್ಕೂ ತನ್ನದೇ ಆದ ಕೀರ್ತಿಯಿದೆ. ಆದರೆ ಅರಮನೆಯ ಕಣ್ಣಿಗೆ ಬಿದ್ದದ್ದು ಕಾದಾಡುವ ಹುಂಜ. ಮೊಟ್ಟೆಯಿಟ್ಟು ಮರಿ ಮಾಡುವ ಹೇಂಟೆಯ ಆರೈಕೆ ಓಲೆಗರಿಗೆ ಏರಲಿಲ್ಲ. ಅದು ಅತ್ತೆಯಿಂದ ಸೊಸೆಗೆ, ಬಾಯಿಂದ ಬಾಯಿಗೆ ದಾಟಿ ಬಂತು.

ಆ ಶಾಸ್ತ್ರದ ಸಲಕರಣೆಗಳು ತೀರ ಸರಳ. ಮರಿಗಳ ತಾಯಿಗೆ ಬಿದಿರಿನ ಮಂಕರಿ. ದೊಡ್ಡ ಕೋಳಿಗಳಿಗೆ ಮನೆಯ ಗೋಡೆಗೆ ಒತ್ತಿ ಕಟ್ಟಿದ ಕಲ್ಲುಮಣ್ಣಿನ ಗೂಡು, ಬಾಗಿಲಿಗೊಂದು ಚಪ್ಪಡಿ. ಬೆಳಿಗ್ಗೆ ಕೋಳಿ ಬಿಟ್ಟೊಡನೆ ಹಿಕ್ಕೆ ಕೆರೆದು ತಿಪ್ಪೆಗೆ ಹಾಕುವುದು. ನೆಲಕ್ಕೆ ಒಲೆಯ ಬೂದಿ ಎರಚುವುದು. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಗೂಡಿಗೂ ಒಂದು ಕೈ. ಮುಂಗಾರಿಗೆ ಮೊದಲು ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ನೀರು ನುಗ್ಗದಂತೆ ಗೂಡಿನ ನೆಲವನ್ನು ಎತ್ತರಿಸುವುದು. ಮಳೆ ಹೊಳವಾದಾಗ ಮಂಕರಿಯನ್ನು ಬಿಸಿಲಿಗೆ ಬೋರಲು ಹಾಕುವುದು. ಬೇಸಿಗೆಯಲ್ಲಿ ಹೊಂಗೆಯದೋ ನುಗ್ಗೆಯದೋ ನೆರಳಿನಲ್ಲಿ ಒಡೆದ ಮಡಕೆಯ ಓಡಿಗೆ ನೀರು ತುಂಬಿಡುವುದು. ಕಡುಬೇಸಿಗೆಯ ಮೊಟ್ಟೆಯನ್ನು ಕಾವಿಗೆ ಇಡದೆ ಮಾರುವುದು, ಇಲ್ಲವೇ ಮನೆಯವರೇ ತಿನ್ನುವುದು.

ಇವುಗಳ ಹಿಂದಿನ ಕಾರಣ ಕೇಳಿದರೆ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: ಹಾಗೆ ಮಾಡಿದರೆ ಕೋಳಿ ಉಳಿಯುತ್ತವೆ. ಕಾರಣಗಳು ಒಂದೊಂದಾಗಿ ಹೊರಬಿದ್ದದ್ದು ಕಳೆದ ಒಂದೂವರೆ ಶತಮಾನದಲ್ಲಿ.

ಪ್ರಯೋಗಶಾಲೆಯ ಸಾಕ್ಷ್ಯ

ಮಳೆಗಾಲದ ರಕ್ತಭೇದಿಯನ್ನು ನೋಡೋಣ. ಕಾಕ್ಸಿಡಿಯಾ ಎಂಬ ಏಕಕೋಶಜೀವಿ ಮರಿಯ ಕರುಳಿನಲ್ಲಿ ಬೆಳೆದು ಹಿಕ್ಕೆಯೊಡನೆ ಹೊರಬೀಳುತ್ತದೆ. ಹೊರಬಿದ್ದ ಕೂಡಲೇ ಅದು ರೋಗ ಹರಡಲಾರದು. ತೇವ ಮತ್ತು ಬೆಚ್ಚನೆಯ ಹವೆ ಸಿಕ್ಕರೆ ಒಂದೆರಡು ದಿನಗಳಲ್ಲಿ ಬಲಿತು ಮಾರಕವಾಗುತ್ತದೆ. ಸಾಮಾನ್ಯ ಕ್ರಿಮಿನಾಶಕ ದ್ರಾವಣಗಳಿಗೆ ಜಗ್ಗದ ಈ ಜೀವಿ ಒಣಗಿದರೆ, ಕಾದರೆ ಸಾಯುತ್ತದೆ. ಹಿಕ್ಕೆಯನ್ನು ಅಂದಂದೇ ತೆಗೆದು ಬೂದಿ ಎರಚುವ ಪದ್ಧತಿ ಎರಡು ದಿನಗಳ ಈ ಗಡುವನ್ನು ಅದಕ್ಕೆ ಸಿಗದಂತೆ ಮಾಡುತ್ತಿತ್ತು. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯ ಕೋಳಿಯ ಕಣ್ಣು ಮತ್ತು ಉಸಿರಿನ ನಾಳವನ್ನು ಕೆಡಿಸುತ್ತದೆ ಎಂಬುದೂ ಆಮೇಲೆ ತಿಳಿದ ಸಂಗತಿ.

ಗೋಡೆಯ ಬಿರುಕಿಗೆ ಮಣ್ಣು ಮೆತ್ತುವುದರ ಹಿಂದೆ ಇನ್ನೊಬ್ಬ ಶತ್ರುವಿದೆ, ಕೋಳಿ ಉಣ್ಣೆ. ಇದು ಹಗಲೆಲ್ಲ ಸಂದಿಗೊಂದಿಗಳಲ್ಲಿ ಅಡಗಿದ್ದು ಇರುಳು ಹೊರಬಂದು ರಕ್ತ ಹೀರುತ್ತದೆ. ಆಹಾರವಿಲ್ಲದೆ ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಹೀಗಾಗಿ ಖಾಲಿ ಬಿಟ್ಟ ಗೂಡೂ ನಿರಪಾಯವಲ್ಲ. 1903ರಲ್ಲಿ ಬ್ರೆಜಿಲ್‌ನಲ್ಲಿ ಮಾರ್ಶೂ ಮತ್ತು ಸಾಲಿಂಬೆನಿ ಎಂಬ ವಿಜ್ಞಾನಿಗಳು ಈ ಉಣ್ಣೆಯೇ ಕೋಳಿಗಳಿಗೆ ಸುರುಳಿಜೀವಾಣುವಿನ ಜ್ವರವನ್ನು ಅಂಟಿಸುತ್ತದೆಂದು ತೋರಿಸಿದರು. ಹಗಲು ಕೋಳಿಯ ಮೈಯಲ್ಲಿ ಹುಡುಕಿದರೆ ದೊಡ್ಡ ಉಣ್ಣೆ ಸಿಗದು; ಮದ್ದು ಬೇಕಾದದ್ದು ಗೋಡೆಗೆ. ಸುಣ್ಣದ ಕುಂಚ ಆ ಕೆಲಸವನ್ನು ಅಷ್ಟಿಷ್ಟು ಮಾಡುತ್ತಿತ್ತು.

ಬೇಸಿಗೆಯ ಮೊಟ್ಟೆಯ ಲೆಕ್ಕವೂ ಅಷ್ಟೇ ಕರಾರುವಾಕ್ಕು. ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದೆಡೆ ಮೊಟ್ಟೆಯೊಳಗಿನ ಭ್ರೂಣ ನಿದ್ರಿಸುತ್ತದೆ; ಕಾವಿಗೆ ಬೇಕಾದ ಶಾಖ 37-38 ಡಿಗ್ರಿ. ಏಪ್ರಿಲ್ ಮೇ ತಿಂಗಳ ಮನೆಯೊಳಗಿನ ಸೆಕೆ ಇವೆರಡರ ನಡುವೆ ನಿಲ್ಲುತ್ತದೆ. ಭ್ರೂಣ ಅತ್ತ ನಿದ್ರಿಸದೆ, ಇತ್ತ ಸರಿಯಾಗಿ ಬೆಳೆಯದೆ ಸಾಯುತ್ತದೆ. ಇನ್ನು ಕೋಳಿಯ ಪಾಡು. ಅದರ ಮೈಶಾಖವೇ ಸುಮಾರು 41 ಡಿಗ್ರಿ, ಬೆವರು ಗ್ರಂಥಿಗಳಿಲ್ಲ. ಬಾಯ್ತೆರೆದು ಏದುಸಿರು ಬಿಡುವುದೊಂದೇ ಮೈ ತಂಪಾಗಿಸುವ ಮುಖ್ಯ ದಾರಿ. ಹಾಗೆ ಏದುವಾಗ ರಕ್ತದ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ. ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ಒಂದು ಓಡು ನೀರಿನ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಬೂದಿ ಸಾಲದ ರೋಗ

ಹಿತ್ತಲ ಶಾಸ್ತ್ರಕ್ಕೂ ಒಂದು ಮಿತಿಯಿತ್ತು. ಅದು ಬಯಲಾದದ್ದು ಕೊಕ್ಕರೆ ರೋಗದಲ್ಲಿ. ಉಬ್ಬಸ, ಹಸಿರು ಭೇದಿ, ತಿರುಚಿಕೊಳ್ಳುವ ಕತ್ತು, ಬಿದ್ದುಹೋಗುವ ರೆಕ್ಕೆ. ಕೆಲವೇ ದಿನಗಳಲ್ಲಿ ಕೇರಿಗೆ ಕೇರಿಯೇ ಕೋಳಿಯಿಲ್ಲದೆ ಮೌನವಾಗುತ್ತದೆ. 1926ರಲ್ಲಿ ಇಂಡೊನೇಷ್ಯದ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯೂ ಇದು ಗುರುತಿಗೆ ಬಂತು. ಬಹುಬೇಗ ಭಾರತದಲ್ಲೂ ಕಾಣಿಸಿತು. ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಕಂಡ ಈ ವ್ಯಾಧಿಯನ್ನು ಮುಕ್ತೇಶ್ವರದ ಅಂದಿನ ಇಂಪೀರಿಯಲ್ ಪಶುವೈದ್ಯ ಸಂಶೋಧನಾ ಸಂಸ್ಥೆಯ ಎಡ್ವರ್ಡ್ಸ್ 1928ರಲ್ಲಿ ಹೊಸ ರೋಗವೆಂದು ವರದಿ ಮಾಡಿದರು. ಜಗತ್ತು ಅದನ್ನು ನ್ಯೂಕ್ಯಾಸಲ್ ರೋಗವೆಂದು ಕರೆದರೂ ಭಾರತದಲ್ಲಿ ಒಂದು ತಂಪು ಗಿರಿಧಾಮದ ಹೆಸರೇ ಕೋಳಿಗಳ ಮಾರಿಗೆ ಅಂಟಿಕೊಂಡಿತು.

ಇದು ವೈರಸ್ಸಿನ ರೋಗ. ನಮ್ಮ ಕಡೆ ಇದರ ಹಾವಳಿ ಬೇಸಿಗೆಯಲ್ಲಿ ಹೆಚ್ಚು. ಸೆಕೆಯಿಂದ ಕೋಳಿಗಳು ಕುಗ್ಗಿರುತ್ತವೆ ಎಂಬುದು ಒಂದು ಕಾರಣ. ಹಕ್ಕಿಗಳ ಓಡಾಟ ಇನ್ನೊಂದು. ಮಾರಿಹಬ್ಬ, ಜಾತ್ರೆ, ಯುಗಾದಿಯ ಮರುದಿನದ ಹೊಸತೊಡಕು ಎಲ್ಲವೂ ಇದೇ ಕಾಲಕ್ಕೆ ಬರುತ್ತವೆ. ಊರಿನ ಕೋಳಿ ಸಂತೆಗೆ, ಸಂತೆಯ ಕೋಳಿ ಇನ್ನೊಂದು ಊರಿಗೆ ಹೋಗುತ್ತದೆ. ರೋಗದ ಸುದ್ದಿ ಕೇಳಿದೊಡನೆ ಸಿಕ್ಕಷ್ಟಕ್ಕೆ ಮಾರಿಬಿಡುವುದು ಬಡವರಿಗೆ ಸಹಜ. ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದೂ ರೂಢಿ. ಈ ಎರಡರಿಂದಲೂ ರೋಗಕ್ಕೆ ದಾರಿ ಸುಗಮವಾಗುತ್ತದೆ. ಎಷ್ಟೇ ಚೊಕ್ಕಟವಾಗಿಟ್ಟ ಗೂಡಾದರೂ ಪಕ್ಕದ ಮನೆಯ ಸಂತೆಕೋಳಿಯ ಮುಂದೆ ನಿಲ್ಲಲಾರದು.

ಇಲ್ಲಿ ನೆರವಿಗೆ ಬಂದದ್ದು ಲಸಿಕೆ. ಕೋಳಿಗೂ ಲಸಿಕೆಗೂ ಹಳೆಯ ನಂಟು. ಪ್ರಯೋಗಶಾಲೆಯಲ್ಲಿ ದುರ್ಬಲಗೊಳಿಸಿದ ರೋಗಾಣುವನ್ನೇ ರಕ್ಷಣೆಗೆ ಬಳಸಬಹುದೆಂದು ಲೂಯಿ ಪಾಸ್ಚರ್ 1880ರಲ್ಲಿ ಸಾರಿದ್ದು ಕೋಳಿಗಳ ಕಾಲರಾ ಕುರಿತ ಪ್ರಯೋಗದಿಂದಲೇ. 1940ರ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿಗಳು ರಾಣಿಖೇತದ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ ಸೌಮ್ಯಗೊಳಿಸಿದರು. ಎಳೆಯ ಮರಿಗಳಿಗೆ ಕಣ್ಣಿಗೋ ಮೂಗಿಗೋ ಹನಿಸುವ ಇನ್ನೂ ಸೌಮ್ಯ ಲಸಿಕೆಗಳು ಆಮೇಲೆ ಬಂದವು. ಮೊದಲ ವಾರದಲ್ಲಿ ಹನಿ, ಎರಡು ತಿಂಗಳು ತುಂಬುವ ಹೊತ್ತಿಗೆ ಚುಚ್ಚುಮದ್ದು ಎಂಬ ಕ್ರಮ ಬಳಕೆಗೆ ಬಂತು.

ನೂರು ಡೋಸು, ಹತ್ತು ಕೋಳಿ

ಮದ್ದು ಸಿಕ್ಕಿತು. ಆದರೆ ಅದು ತಲುಪಿದ್ದು ಯಾರಿಗೆ? ಲಸಿಕೆಯ ಸೀಸೆ ನೂರು, ಇನ್ನೂರು, ಐನೂರು ಡೋಸುಗಳ ಲೆಕ್ಕದಲ್ಲಿ ಬರುತ್ತದೆ. ಅದನ್ನು ತಂಪಿನಲ್ಲಿಯೇ ಸಾಗಿಸಬೇಕು. ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಸಾವಿರ ಕೋಳಿಗಳ ಫಾರಂಗೆ ಇದು ಹೇಳಿಮಾಡಿಸಿದ ಅಳತೆ. ಹತ್ತು ಕೋಳಿಯ ಮನೆಗೆ ನೂರು ಡೋಸಿನ ಸೀಸೆ ಕೊಂಡರೆ ತೊಂಬತ್ತು ಡೋಸು ಮಣ್ಣುಪಾಲು. ಫ್ರಿಜ್ ಬೇಡದ ಲಸಿಕೆಗಾಗಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಅವರ ಸಂಗಡಿಗರು ದುಡಿದು, ಬಿಸಿ ತಾಳುವ ತಳಿಗಳನ್ನು ರೂಪಿಸಿದರು. ಮೊಜಾಂಬಿಕ್, ಟಾಂಜಾನಿಯಾದ ಹಳ್ಳಿಗಳಲ್ಲಿ ಹೆಂಗಸರೇ ಅದನ್ನು ಮನೆಮನೆಗೆ ಒಯ್ದು ಕಣ್ಣಿಗೆ ಹನಿಸಿದರು. ವಿಜ್ಞಾನ ಹಿತ್ತಲಿನ ಅಳತೆಗೆ ಬಗ್ಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಕರ್ನಾಟಕದಲ್ಲಿ ಹಿತ್ತಲನ್ನು ನೆನೆದು ನಡೆದ ದೊಡ್ಡ ಪ್ರಯತ್ನವೆಂದರೆ 1980ರ ದಶಕದ ಕೊನೆಯಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ‘ಗಿರಿರಾಜ’ ಕೋಳಿ. ಬಣ್ಣದ ಗರಿಯ, ಅಂಗಳದಲ್ಲಿ ಕೆದಕಿ ತಿನ್ನಬಲ್ಲ ಈ ತಳಿ ನಾಟಿಕೋಳಿಗಿಂತ ಬೇಗ ಬೆಳೆದು ಹೆಚ್ಚು ಮೊಟ್ಟೆಯಿಟ್ಟಿತು. ಆದರೆ ತಳಿ ಬದಲಾದರೂ ಗೂಡಿನ ನಿಯಮ ಬದಲಾಗುವುದಿಲ್ಲ. ಮಳೆಗೆ ಒಣನೆಲ, ಬೇಸಿಗೆಗೆ ನೆರಳು ನೀರು, ಹೊತ್ತಿಗೆ ಸರಿಯಾಗಿ ಲಸಿಕೆ ಗಿರಿರಾಜನಿಗೂ ಬೇಕು.

2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಮೊದಲ ಬಾರಿ ಕಾಣಿಸಿದ ಮೇಲೆ ಹಿತ್ತಲ ಕೋಳಿಯನ್ನು ನೋಡುವ ಕಣ್ಣೇ ಬದಲಾಯಿತು. 2008ರಲ್ಲಿ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಲಕ್ಷಾಂತರ ಹಿತ್ತಲ ಕೋಳಿಗಳನ್ನು ಕೊಲ್ಲಬೇಕಾಯಿತು. ಅಂಗಳದ ಕೋಳಿಯೇ ಅಪಾಯದ ಮೂಲ ಎಂಬ ಮಾತು ಹಬ್ಬಿತು. ಆದರೆ 2012ರಲ್ಲಿ ರೋಗ ಕಾಣಿಸಿದ್ದು ಬೆಂಗಳೂರಿಗೆ ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರದ ಟರ್ಕಿಕೋಳಿಗಳಲ್ಲಿ. ಬೇಲಿ, ಬಾಗಿಲು, ಪಶುವೈದ್ಯರು ಎಲ್ಲ ಇದ್ದ ಕಡೆಗೂ ರೋಗ ಬರಬಲ್ಲದು. ಬಂಗಾಳದ ಬಡ ಗೃಹಿಣಿಯೊಬ್ಬಳನ್ನೇ ದೂರುವುದು ನ್ಯಾಯವಲ್ಲ.

ಫಾರಂಗಳು ಬೆಳೆದಂತೆ ಹಿತ್ತಲ ಕೋಳಿ ತಾನಾಗಿ ಮರೆಯಾಗುವುದೆಂಬ ನಿರೀಕ್ಷೆಯೂ ನಿಜವಾಗಲಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕುಕ್ಕುಟ ಪಕ್ಷಿಗಳಲ್ಲಿ 31.7 ಕೋಟಿ ಹಿತ್ತಲಿನವು. 2012ಕ್ಕೆ ಹೋಲಿಸಿದರೆ ಇವು ಶೇ. 46ರಷ್ಟು ಹೆಚ್ಚಿದವು, ಫಾರಂ ಕೋಳಿಗಳ ಹೆಚ್ಚಳ ಶೇ. 5ನ್ನೂ ಮುಟ್ಟಲಿಲ್ಲ.

ಇಷ್ಟು ಹಕ್ಕಿಗಳ ಉಳಿವಿಗೆ ಬೇಕಾದದ್ದು ಭಾರಿ ಯೋಜನೆಯಲ್ಲ. ಬೂದಿ, ಸುಣ್ಣ, ಬಿಸಿಲು ಇವು ಹಳ್ಳಿಯಲ್ಲಿಯೇ ಇವೆ. ಹೊಸದಾಗಿ ತಂದ ಕೋಳಿಯನ್ನು ಎರಡು ವಾರ ಬೇರೆ ಮಂಕರಿಯಲ್ಲಿ ಇಡುವುದಕ್ಕೂ, ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳುವುದಕ್ಕೂ ಹೆಚ್ಚಿನ ಖರ್ಚಿಲ್ಲ. ಉಳಿದದ್ದು ಲಸಿಕೆ. ಹತ್ತು ಮನೆಯವರು ಮಾತಾಡಿಕೊಂಡು, ಜಾತ್ರೆಗಳ ಕಾಲ ಶುರುವಾಗುವ ಒಂದು ತಿಂಗಳು ಮೊದಲೇ, ಮುಂಜಾನೆ ಗೂಡಿನ ಚಪ್ಪಡಿ ತೆಗೆಯುವ ಮುನ್ನ ಪಶುವೈದ್ಯರನ್ನು ಬೀದಿಗೆ ಕರೆಸಿಕೊಂಡರೆ, ನೂರು ಡೋಸಿನ ಸೀಸೆ ಆ ಒಂದು ಬೀದಿಯಲ್ಲಿಯೇ ಮುಗಿದುಹೋಗುತ್ತದೆ.