ನೆರೆ ಪರಿಹಾರದ ಲೆಕ್ಕಕ್ಕೆ ಸಿಗದ ನಷ್ಟ: ಮಲಪ್ರಭಾ ಬಯಲಿನ ನಿದರ್ಶನ

2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅನೇಕರ ಜೀವ ತೆಗೆದದ್ದು ಕುಸಿದ ಮನೆ. ಎರೆಸೀಮೆಯ ಮಣ್ಣಿನ ಮಾಳಿಗೆ ಬೇಸಿಗೆಗೆ ತಂಪು, ಖರ್ಚಿಗೆ ಹಗುರ. ಆದರೆ ಎಡೆಬಿಡದ ಮಳೆಗೆ ಮಾಳಿಗೆಯ ಮಣ್ಣು ನೀರುಂಡು ಭಾರವಾಗುತ್ತದೆ, ಗೋಡೆಯ ಬುಡ ಸಡಿಲಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಿ ಸೋರಿಕೆ ಮುಚ್ಚಬೇಕು. ದುಡಿಯಲು ಗೋವಾಕ್ಕೆ ಹೋದ ಕುಟುಂಬಕ್ಕೆ ಅದು ಆಗದ ಮಾತು. ಮಳೆ ಒಂದೇ ಆದರೂ ಆರ್‌ಸಿಸಿ ಮನೆಯವರಿಗೆ ಅದು ತೊಂದರೆ, ಇವರಿಗೆ ಮೃತ್ಯು.

ಇಷ್ಟು ಎಲ್ಲರೂ ಒಪ್ಪುವ ಸಂಗತಿ. ನೀರು ಇಳಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ನರಗುಂದ, ಬಾದಾಮಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ಮತ್ತೆ ಮುಳುಗಿದವು. ಆಗಿನ ರಾಷ್ಟ್ರೀಯ ಮಾನದಂಡದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ, ಗುಡಿಸಲಿಗೆ 4,100 ರೂಪಾಯಿ ನಿಗದಿಯಾಗಿತ್ತು. ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷಕ್ಕೆ ಏರಿಸಿದ್ದು ದೊಡ್ಡ ಮಾತೇ. ಆದರೂ ಮಾನದಂಡದ ತರ್ಕ ಬದಲಾಗಲಿಲ್ಲ: ಕಳೆದುಕೊಂಡ ಆಸ್ತಿಯ ಬೆಲೆಯೇ ನಷ್ಟ, ಆಸ್ತಿ ಕಡಿಮೆಯಿದ್ದವನ ನಷ್ಟವೂ ಕಡಿಮೆ. ವಿಶ್ವಬ್ಯಾಂಕಿನ 2016ರ ಅಧ್ಯಯನವೊಂದು ಇದೇ ತರ್ಕವನ್ನು ಪ್ರಶ್ನಿಸಿತು. ಅದರ ಅಂದಾಜಿನಂತೆ ಜಗತ್ತಿನ ವಿಕೋಪಗಳಿಂದ ಬದುಕಿಗೆ ತಟ್ಟುವ ಪೆಟ್ಟು ವರ್ಷಕ್ಕೆ 52,000 ಕೋಟಿ ಡಾಲರಿಗೆ ಸಮ. ಇದು ಆಸ್ತಿ ನಷ್ಟದ ಲೆಕ್ಕಕ್ಕಿಂತ ಶೇ. 60ರಷ್ಟು ಹೆಚ್ಚು.

ಬೆಳೆ ಪರಿಹಾರದಲ್ಲಿ ಈ ಕೊರತೆ ಇನ್ನೂ ಢಾಳಾಗಿ ಕಾಣುತ್ತದೆ. ಹಣ 'ಪರಿಹಾರ' ತಂತ್ರಾಂಶದ ಮೂಲಕ ಪಹಣಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ ನೇರ ಜಮೆಯಾಗುತ್ತದೆ. ದಲ್ಲಾಳಿಗಳ ಕಾಟ ಇದರಿಂದ ತಗ್ಗಿತು, ನಿಜ. ಆದರೆ ಲಾವಣಿಗೋ ಪಾಲಿಗೋ ಹೊಲ ಮಾಡಿ, ಬೀಜ-ಗೊಬ್ಬರಕ್ಕೆ ಸಾಲ ತಂದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಪಹಣಿಯಲ್ಲಿ ಸಾಗುವಳಿದಾರರ ಅಂಕಣವೇನೋ ಇದೆ. ಅಲ್ಲಿಯೂ ಬಹುತೇಕ ಮಾಲೀಕರ ಹೆಸರೇ. ವಿಪರ್ಯಾಸವೆಂದರೆ ಇದರ ಬೇರು 1974ರ ಭೂಸುಧಾರಣೆಯಲ್ಲಿದೆ. ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಆ ತಿದ್ದುಪಡಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ಗೇಣಿಯನ್ನೇ ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದ ಕೇಳಿದರೆ ಮುಂದಿನ ವರ್ಷ ಹೊಲವೇ ಸಿಗಲಿಕ್ಕಿಲ್ಲ ಎಂಬ ಅಂಜಿಕೆ ಬೇರೆ. ನೆರೆ ಬಂದಾಗ ಬೆಳೆ ಹೋಗುವುದು ಒಬ್ಬನದು, ಹಣ ಬರುವುದು ಇನ್ನೊಬ್ಬನಿಗೆ. ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣಾಳುಗಳ ಕೂಲಿ ಹೋದದ್ದಕ್ಕಂತೂ ಬೆಳೆ ಸಮೀಕ್ಷೆಯಲ್ಲಿ ಅಂಕಣವೇ ಇಲ್ಲ.

ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು, 11 ತಿಂಗಳ ಸಾಗುವಳಿ ಪತ್ರಕ್ಕೆ ಅವಕಾಶ ಮಾಡಿತು. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕೆಂಬುದೇ ಅದರ ದೊಡ್ಡ ದೌರ್ಬಲ್ಯ. ಕರ್ನಾಟಕ ಆ ಷರತ್ತನ್ನು ಕೈಬಿಟ್ಟು, ಬಿತ್ತನೆಯ ಹೊತ್ತಿಗೇ ಗ್ರಾಮಸಭೆಯಲ್ಲಿ ಸಾಗುವಳಿದಾರರ ಪಟ್ಟಿ ಮಾಡಿಸಬೇಕು. ನೆರೆ ಇಳಿದ ಮೇಲೆ ಮಾಡುವ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ.